ಮನೆಯ ಫೋನು, ಮಗುವಿನ ಪಾಠ: ಶಾಲೆ ಮುಚ್ಚಿದ ಕಾಲದ ಕರ್ನಾಟಕದ ದೂರಬೋಧನೆಯ ಪರಾಮರ್ಶೆ

೨೦೨೦ನೆಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಭೀತಿಯಿಂದ ಮುಚ್ಚಲ್ಪಟ್ಟ ಶಾಲೆಗಳು, ಕರ್ನಾಟಕದ ಒಂದರಿಂದ ಐದನೆಯ ತರಗತಿಗಳ ಮಟ್ಟಿಗೆ, ೨೦೨೧ರ ಅಕ್ಟೋಬರ್ ೨೫ರವರೆಗೂ ತೆರೆಯಲಿಲ್ಲವೆಂಬುದನ್ನು ಗಮನಿಸಿದರೆ, ಆನ್‌ಲೈನ್ ಪಾಠವೆಂಬುದು ಕೆಲವು ವಾರಗಳ ತಾತ್ಕಾಲಿಕೋಪಾಯವಾಗಿರದೆ, ಒಂದೂವರೆ ವರ್ಷದ ಶಾಲೆಯೇ ಆಗಿದ್ದಿತೆಂದು ವಿದಿತವಾಗುತ್ತದೆ. ಆ ಶಾಲೆಗೆ ಯಾರಿಗೆ ಪ್ರವೇಶವಿದ್ದಿತೆಂಬುದನ್ನು ನಿರ್ಣಯಿಸಹೊರಟವರು ಸಾಮಾನ್ಯವಾಗಿ ಉಪಕರಣಗಳ ಗಣತಿಯನ್ನೇ ಆಶ್ರಯಿಸಿದರು. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಅಂತರಜಾಲ ಸೌಲಭ್ಯವಿದ್ದವು ಶೇಕಡಾ ೧೪.೯ ಮಾತ್ರ, ೨೦೨೦ರ ‘ಅಸರ್’ ವರದಿಯಾದರೋ ಗ್ರಾಮೀಣ ಶಾಲಾಬಾಲಕರಲ್ಲಿ ಶೇಕಡಾ ೬೧.೮ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದುದನ್ನು ತಿಳಿಸುತ್ತದೆ. ಈ ಎರಡನೆಯ ಅಂಕಿಯಿಂದ ಸಮಾಧಾನ ತಾಳುವುದು ಅವಿವೇಕ: ಅದು ಮನೆಯ ಫೋನೇ ಹೊರತು ಮಗುವಿನ ಫೋನಲ್ಲ. ಗಾರೆಕೆಲಸಕ್ಕೆ ಹೊರಟ ತಂದೆಯ ಜೇಬಿನಲ್ಲಿ ಅದು ಹೊರಟುಹೋದ ಮೇಲೆ ಹತ್ತು ಗಂಟೆಯ ಪಾಠ ಆ ಮನೆಗೆ ತಲಪುವುದಿಲ್ಲ. ಸಂಜೆ ಅದು ಮರಳಿದಾಗ ಉಳಿದಿರುವ ನೆಟ್ ಪ್ಯಾಕು ಎಸ್‌ಎಸ್‌ಎಲ್‌ಸಿ ಓದುವ ಅಣ್ಣನ ಪಾಲಾಗುತ್ತದೆಯೇ ವಿನಾ ಮೂರನೆಯ ತರಗತಿಯ ತಂಗಿಗೆ ದಕ್ಕುವುದಿಲ್ಲ.

ಶಿಕ್ಷಣ ಇಲಾಖೆಯು ೨೦೨೦ರ ಆಗಸ್ಟಿನಲ್ಲಿ ಆರಂಭಿಸಿದ ‘ವಿದ್ಯಾಗಮ’ದ ಹಿರಿಮೆ ಈ ವ್ಯತ್ಯಾಸವನ್ನು ಅಂಶತಃ ಮನಗಂಡುದರಲ್ಲಿದೆ. ಯಾವ ಸಾಧನವೂ ಇಲ್ಲದವರು, ಸಾಧಾರಣ ಮೊಬೈಲು ಉಳ್ಳವರು, ಸ್ಮಾರ್ಟ್‌ಫೋನುಳ್ಳವರು ಎಂದು ಮಕ್ಕಳನ್ನು ಮೂರು ಕಾಲ್ಪನಿಕ ಕೋಣೆಗಳಲ್ಲಿ ವಿಂಗಡಿಸಿ, ದೇವಸ್ಥಾನದ ಜಗಲಿಗೂ ಸಮುದಾಯ ಭವನಕ್ಕೂ ಶಿಕ್ಷಕರನ್ನೇ ಕಳುಹಿಸಿದ ಈ ಯೋಜನೆಯಲ್ಲಿ ತಂತ್ರಜ್ಞಾನಕ್ಕಿಂತ ಮೇಷ್ಟರ ಕಾಲ್ನಡಿಗೆಯೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದು ಸ್ಥಗಿತಗೊಂಡಾಗ, ಮೊದಲನೆಯ ಕೋಣೆಯ ಮಕ್ಕಳಿಗೆ ಒದಗಿಬರಬಹುದಾಗಿದ್ದುದು ‘ಚಂದನ’ ವಾಹಿನಿಯ ಪಾಠಗಳು, ಅವೂ ಟಿ.ವಿ. ಇದ್ದವರ ಪಾಲಿಗೆ.

ಈ ನಾಡಿಗೆ ಪೂರ್ವಾನುಭವವಿಲ್ಲದಿರಲಿಲ್ಲ. ೧೯೭೫-೭೬ರಲ್ಲಿ ಎಟಿಎಸ್-೬ ಉಪಗ್ರಹದ ಮೂಲಕ ನಡೆದ ‘ಸೈಟ್’ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ, ಬೆಳಗ್ಗೆ ಶಾಲಾಬಾಲಕರಿಗೆಂದೇ ಮೀಸಲಾದ ಕನ್ನಡ ಕಾರ್ಯಕ್ರಮಗಳು ಬರುತ್ತಿದ್ದವು, ಅಲ್ಲಿ ಟಿ.ವಿ. ಯಾರೊಬ್ಬರ ಮನೆಯದೂ ಆಗಿರದೆ ಊರಿನದಾಗಿದ್ದಿತು. ಸಾಂಕ್ರಾಮಿಕದ ದಿನಗಳಲ್ಲಿ ಗುಂಪು ಸೇರುವುದು ನಿಷಿದ್ಧವೆಂಬ ಆಕ್ಷೇಪ ಯುಕ್ತವೇ. ಆದರೆ ಜಗಲಿಯ ಮೇಲೆ ಕೆಲವೇ ಮಕ್ಕಳನ್ನು ದೂರದೂರ ಕುಳ್ಳಿರಿಸಬಹುದೆಂದು ಒಪ್ಪಿದ ವ್ಯವಸ್ಥೆಗೆ, ಅದೇ ಜಗಲಿಯಲ್ಲಿ ಊರಿಗೊಂದು ಟಿ.ವಿ. ಇಡಿಸುವ ಆಲೋಚನೆಯೂ ಅಸಾಧ್ಯವಾಗಿರಲಿಲ್ಲ.

ಗಣತಿಯ ಕಣ್ಣಿಗೆ ಬೀಳದ ಇನ್ನೊಂದು ವರ್ಗವಿದೆ. ದೃಷ್ಟಿಹೀನ ವಿದ್ಯಾರ್ಥಿಯ ಕೈಯಲ್ಲಿ ಸ್ವಂತ ಫೋನೂ ಅದರಲ್ಲಿ ಪುಟವನ್ನು ಓದಿ ಹೇಳುವ ತಂತ್ರಾಂಶವೂ ಇದ್ದಾಗ್ಯೂ, ವಾಟ್ಸಾಪಿನಲ್ಲಿ ಬಂದ ಅಭ್ಯಾಸಪತ್ರವು ಕೇವಲ ಛಾಯಾಚಿತ್ರವಾಗಿದ್ದರೆ ತಂತ್ರಾಂಶ ಮೌನ ವಹಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಉಚ್ಚರಿಸುತ್ತದೆ. ಇಲ್ಲಿ ಬಡತನವನ್ನು ದೂರುವಂತಿಲ್ಲ, ಸಿಗ್ನಲನ್ನೂ ದೂರುವಂತಿಲ್ಲ. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಶಾಲೆ ಮುಚ್ಚುವುದಕ್ಕೆ ಎಷ್ಟೋ ಮೊದಲೇ ಉಚಿತವಾಗಿ ದೊರೆಯುತ್ತಿದ್ದವು.