ಕಬ್ಬಿಣಾಂಶದ ಕೊರತೆ ಮತ್ತು ಏದುಸಿರು

ದೇಹದಲ್ಲಿ ಕಬ್ಬಿಣಾಂಶ ಕುಗ್ಗಿದವರಿಗೆ ಬಿರುಸಾಗಿ ನಡೆದಾಗ, ಮೆಟ್ಟಿಲೇರಿದಾಗ, ಭಾರ ಹೊತ್ತಾಗ ಮೇಲುಸಿರು ಬರುತ್ತದೆ. ಕೂತಿದ್ದಾಗ ಸಾಮಾನ್ಯವಾಗಿ ಇದರ ಸುಳಿವೇ ಇರುವುದಿಲ್ಲ. ಮೈಸೂರಿನ ಚಾಮುಂಡಿಬೆಟ್ಟವನ್ನೇ ನೋಡಿ. ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಮಾಡಿಸಿದರೆನ್ನುವ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವಾಗ ಯಾರಿಗಾದರೂ ಏದುಸಿರು ಬರುತ್ತದೆ. ರಕ್ತ ಕಡಿಮೆ ಇರುವವರಿಗೆ ಅದು ಮೆಟ್ಟಿಲ ದಾರಿಯಲ್ಲಿರುವ ನಂದಿ ವಿಗ್ರಹ ಕಾಣುವುದಕ್ಕೆ ಬಹಳ ಮೊದಲೇ ಬರಬಹುದು. ಕೊರತೆ ತೀವ್ರವಾಗಿದ್ದರೆ ಮನೆಯ ಮಹಡಿ ಹತ್ತುವುದೇ ಬೆಟ್ಟ.

ದೋಷ ಶ್ವಾಸಕೋಶದಲ್ಲಿಲ್ಲ, ರಕ್ತದ ಆಮ್ಲಜನಕ ಸಾಗಣೆಯಲ್ಲಿದೆ. ಹಿಮೋಗ್ಲೋಬಿನ್‌ನ ಒಂದೊಂದು ಅಣುವಿನಲ್ಲೂ 4 ಕಬ್ಬಿಣದ ಪರಮಾಣುಗಳಿದ್ದು, ಆಮ್ಲಜನಕ ಅಂಟಿಕೊಳ್ಳುವುದು ಅವಕ್ಕೇ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿಲಿಲೀಟರ್ ಸಾಗುತ್ತದೆ. 8 ಗ್ರಾಂಗೆ ಇಳಿದರೆ 11ರಷ್ಟೂ ಇಲ್ಲ. ವಿಶ್ರಾಂತಿಯಲ್ಲಿ ಅಷ್ಟು ಸಾಕಾಗುತ್ತದೆ. ಶ್ರಮ ಹೆಚ್ಚಿದಾಗ ಹೃದಯ ಬಡಿತ ಏರಿಸಿ ಕೊರತೆ ತುಂಬಲು ನೋಡುತ್ತದೆ, ಸಾಲದು. ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಶಕ್ತಿ ತೆಗೆಯತೊಡಗಿ, ರಕ್ತದಲ್ಲಿ ಆಮ್ಲೀಯತೆ ಹೆಚ್ಚುತ್ತದೆ. ಮಿದುಳಿನ ಉಸಿರಾಟ ಕೇಂದ್ರವನ್ನು ಕೆರಳಿಸುವುದು ಇದು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂದಷ್ಟೇ ಅದು ಹೇಳುವುದರಿಂದ, ತೀವ್ರ ರಕ್ತಹೀನತೆಯಲ್ಲೂ ಶೇ. 98 ಎಂದು ತೋರಿಸಬಲ್ಲದು. ರಕ್ತಹೀನತೆ ಇಲ್ಲದೆಯೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಪರೀಕ್ಷೆ. ಸ್ನಾಯುವಿನ ಮಯೋಗ್ಲೋಬಿನ್‌ಗೂ ಮೈಟೊಕಾಂಡ್ರಿಯದ ಕಿಣ್ವಗಳಿಗೂ ಕಬ್ಬಿಣ ಬೇಕಾದ್ದರಿಂದ, ಹಿಮೋಗ್ಲೋಬಿನ್ ಸರಿಯಿದ್ದವರೂ ಬೇಗ ದಣಿಯುವುದುಂಟು. ಇಂಥವರಿಗೆ 'ಸೋಮಾರಿ' ಎಂಬ ಹೆಸರು ಬರುವುದು ಅನ್ಯಾಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಎಲ್ಲದಕ್ಕೂ ಕಬ್ಬಿಣದ ಕೊರತೆಯೇ ಕಾರಣವಲ್ಲ, ಆದರೆ ಅದು ಮುಖ್ಯವಾದದ್ದು: ಮುಟ್ಟಿನ ಅತಿಸ್ರಾವ, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳು, ಮೂಲವ್ಯಾಧಿ ಈ ಕೊರತೆಗೆ ದಾರಿ. ರಾಗಿ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಫೈಟೇಟ್‌ನಂಥ ಅಂಶಗಳು ಹೀರಿಕೆಯನ್ನು ತಡೆಯುತ್ತವೆ. ಊಟದ ಬೆನ್ನಿಗೇ ಕುಡಿಯುವ ಫಿಲ್ಟರ್ ಕಾಫಿಯೂ ಹಾಗೆಯೇ. ಮೈಸೂರಿನವರಿಗೆ ಹಿತವಾದ ಮಾತಲ್ಲ. ನಿಂಬೆ, ನೆಲ್ಲಿಕಾಯಿ ಹೀರಿಕೆಗೆ ನೆರವಾಗುತ್ತವೆ.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಕೆಲವೇ ವಾರಗಳಲ್ಲಿ ಹಿಮೋಗ್ಲೋಬಿನ್ ಏರತೊಡಗುತ್ತದೆ, ಆದರೆ ಅದು ಸರಿಯಾದ ಮೇಲೂ ದಾಸ್ತಾನು ತುಂಬಲು ಇನ್ನೂ ಸುಮಾರು 3 ತಿಂಗಳು ಮಾತ್ರೆ ಮುಂದುವರಿಸಬೇಕು. ಮಲಗಿದಾಗಲೂ ಉಸಿರು ಕಟ್ಟುವುದು, ಎದೆನೋವು, ಕಾಲೂತ ಇದ್ದರೆ ಹೃದಯದ ತಪಾಸಣೆ ತಡಮಾಡುವಂತಿಲ್ಲ.