ಕಾವಿಗೆ ಕೂತ ಹೇಂಟೆಯ ಚರಿತ್ರೆ

ಚರಿತ್ರೆ ಎಂದೊಡನೆ ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ನೆನಪಾಗುವುದು ಸಹಜ. ಆದರೆ ಅದೇ ಸೀಮೆಯ ಹಳ್ಳಿಗಳಲ್ಲಿ, ಹಿತ್ತಿಲ ಮೂಲೆಯ ಮಂಕರಿಯೊಳಗೆ ಮೊಟ್ಟೆಗಳ ಮೇಲೆ ಕೂತಿರುವ ಹೇಂಟೆಗೂ ಒಂದು ಚರಿತ್ರೆ ಇದೆ. ಅದು ಕೋಟೆಗಿಂತ ಬಹಳ ಹಳೆಯದು.

ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ದಕ್ಷಿಣ ಭಾರತದ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ. ಕೋಳಿಯ ಹಳದಿ ಚರ್ಮದ ಗುಣ ಇದರಿಂದ ಬಂದಿರಬೇಕೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಥಾಯ್ಲೆಂಡಿನ ಬಾನ್ ನಾನ್ ವಾಟ್‌ನಲ್ಲಿ ಸಿಕ್ಕ ಕ್ರಿ.ಪೂ. 1650–1250ರ ಅವಧಿಯ ಎಲುಬುಗಳು ಸಾಕುಕೋಳಿಯ ಅತಿ ಹಳೆಯ ಕುರುಹು. ಭತ್ತ ಮತ್ತು ಕಿರುಧಾನ್ಯಗಳ ಬೇಸಾಯವೇ ಕಾಡುಕೋಳಿಯನ್ನು ಮನುಷ್ಯನ ಬಳಿಗೆ ಸೆಳೆಯಿತಂತೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಣದಲ್ಲಿ ಚೆಲ್ಲಿದ ರಾಗಿ, ನವಣೆಗಳನ್ನು ಹೆಕ್ಕುವ ಕೋಳಿ ಅದೇ ಹಳೆಯ ನಂಟನ್ನು ಮುಂದುವರಿಸಿದೆ.

ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನವು ಪ್ರಾಣಿಗಳಲ್ಲಿ ದಯೆ ಇರಬೇಕೆಂದು ಹೇಳುತ್ತದೆ. ಉತ್ತರ ಭಾರತದಲ್ಲಿರುವ ಅವನ ಐದನೆಯ ಸ್ತಂಭಶಾಸನ ಇನ್ನೂ ಮುಂದೆ ಹೋಗಿ, ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆನ್ನುತ್ತದೆ. ಹುಂಜದ ಬೀಜ ಒಡೆಯುವುದನ್ನೂ ನಿಷೇಧಿಸುತ್ತದೆ. ಮರಿಗಳ ತಾಯಿಕೋಳಿಯ ಹೆಸರು ಮಾತ್ರ ಅಲ್ಲಿಲ್ಲ. ಅದನ್ನು ಕಾಪಾಡುವ ಹೊಣೆಯನ್ನು ಮನೆಯ ಹೆಂಗಸರು ಹೊತ್ತರು.

ಅವರ ಕ್ರಮವನ್ನು ಗಮನಿಸಿ. ಹೇಂಟೆ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟಿದರೆ ಕಾವಿಗೆ ಬಂದಿದೆ ಎಂದರ್ಥ. ಆಗ ಕತ್ತಲಿರುವ ಮೂಲೆಯಲ್ಲಿ ಬುಟ್ಟಿಯಿಟ್ಟು, ಹುಲ್ಲು ಹಾಸಿ, ಹೇನು ಹತ್ತದಂತೆ ಬೂದಿ ಉದುರಿಸಿ, ಹತ್ತು ಹನ್ನೆರಡು ಮೊಟ್ಟೆ ಇಡುತ್ತಾರೆ. ವಾರದ ನಂತರ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ರಕ್ತನಾಳಗಳ ಜಾಲ ಕಾಣುತ್ತದೆ. ಕಾಣದಿದ್ದರೆ ಅದು ಬರಡು ಮೊಟ್ಟೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗೆ ಬೇಕಾದದ್ದು ಸುಮಾರು 37.5 ಡಿಗ್ರಿ. ಹೇಂಟೆ ಮೊಟ್ಟೆಗಳನ್ನು ಕೊಕ್ಕಿನಿಂದ ಆಗಾಗ ಹೊರಳಿಸುತ್ತಾ 21 ದಿನ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತದೆ.

ಮರಿ ಹೊರಬಂದ ತಕ್ಷಣ ಕಾಳು ಹಾಕಲು ಅವಸರ ಬೇಡ. ಹೊಟ್ಟೆಯೊಳಗೆ ಸೇರಿದ ಭಂಡಾರವೇ ಅದಕ್ಕೆ ಎರಡು ದಿನ ಆಹಾರ. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಕಾದು ಕೂರಲು ಇದರಿಂದಲೇ ಸಾಧ್ಯ. ಆಮೇಲೆ ನುಚ್ಚು, ಗೆದ್ದಲು, ಶುದ್ಧ ನೀರು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ತಾಯಿಯ ರೆಕ್ಕೆಯೇ ಅದರ ಹೊದಿಕೆ.

ಈ ಕೆಲಸವನ್ನು ತಾಯಿಯಿಂದ ಬಿಡಿಸುವ ಪ್ರಯತ್ನವೂ ಪುರಾತನವೇ. ಈಜಿಪ್ಟಿನವರು ಗೊಬ್ಬರದ ಬಿಸಿಯಲ್ಲಿ ಮರಿ ಮಾಡುವುದನ್ನು ಅರಿಸ್ಟಾಟಲ್ ಬರೆದಿದ್ದಾನೆ. ಅವರ ಕಾವುಗೂಡುಗಳನ್ನು ಅಭ್ಯಸಿಸಿದ ಫ್ರಾನ್ಸಿನ ರೊಮ್ಯೂರ್ 1749ರಲ್ಲಿ ಈ ಬಗ್ಗೆ ಗ್ರಂಥ ಪ್ರಕಟಿಸಿದನು. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹೆಚ್ಚು ಮೊಟ್ಟೆ ಬಯಸಿದ ಮನುಷ್ಯ ಲೆಗಾರ್ನ್‌ನಂಥ ಕಾವು ಕೂರದ ತಳಿಗಳನ್ನು ಆರಿಸಿಕೊಂಡನು. ಅಂಥ ಎರಡು ತಳಿಗಳನ್ನು ಬೆರೆಸಿದಾಗ ಕಾವಿನ ಗುಣ ಮರಳಿ ಬರುವುದುಂಟೆಂದು ಡಾರ್ವಿನ್ 1868ರಲ್ಲಿ ಬರೆದನು. ಈ ಗುಣದ ಹಿಂದೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಇದೆಯೆಂದು 1935ರಲ್ಲಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು ತೋರಿಸಿದರು.

ನಮ್ಮ ರಾಜ್ಯದ ಉದಾಹರಣೆ ಇನ್ನೂ ಸ್ವಾರಸ್ಯಕರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿ 1980ರ ದಶಕದ ಕೊನೆಯಲ್ಲಿ ಹಳ್ಳಿಗಳಿಗೆ ಬಂತು. ಬೇಗ ಬೆಳೆಯುವ, ಹಿತ್ತಿಲಲ್ಲೇ ಮೇಯುವ ಒಳ್ಳೆಯ ಹಕ್ಕಿ. ಆದರೆ ಅದು ಕಾವಿಗೆ ಕೂರುವುದು ಅಪರೂಪ. ಯಂತ್ರವಿಲ್ಲದ ಮನೆಯಲ್ಲಿ ಅದರ ಮೊಟ್ಟೆ ಮರಿಯಾಗಬೇಕಾದರೆ ನಾಟಿ ಹೇಂಟೆಯೇ ಸಾಕುತಾಯಿಯಾಗಬೇಕು. ಹೊಸ ವಿಜ್ಞಾನ ಹಳೆಯ ಗುಣದ ಆಸರೆ ಪಡೆಯುವ ಸಂದರ್ಭವಿದು.

ಮಳೆ ಕೈಕೊಡುವ ಈ ಸೀಮೆಯಲ್ಲಿ ಕೋಳಿಯೆಂದರೆ ಹೆಣ್ಣುಮಕ್ಕಳ ಕೈಯಲ್ಲಿರುವ ನಗದು. ಮಕ್ಕಳ ಪುಸ್ತಕಕ್ಕೋ ಔಷಧಿಗೋ ಒಂದು ಕೋಳಿ ಮಾರಿದರೆ ಆಯಿತು. ಕಾವು ಕೂರುವ ತಳಿ ಮನೆಯಲ್ಲಿ ಅಳಿದರೆ ಪ್ರತಿ ಸಾರಿಯೂ ಮರಿಗೆ ಹಣ ಕೊಡಬೇಕಾಗುತ್ತದೆ. ಹಿತ್ತಿಲ ಬಂಡವಾಳ ಪರರ ಕೈ ಸೇರುತ್ತದೆ. ಹಾಗೆಂದು ಹಳೆಯದನ್ನೇ ಹಿಡಿದು ಕೂರಬೇಕಾಗಿಲ್ಲ. ಊರಿನ ಕೋಳಿಗಳನ್ನೆಲ್ಲ ಒಮ್ಮೆಗೇ ಬಲಿ ತೆಗೆದುಕೊಳ್ಳುವ ಕೊಕ್ಕರೆ ರೋಗವನ್ನು ತಾಯಿಯ ರೆಕ್ಕೆ ತಡೆಯಲಾರದು. ಮೊದಲ ವಾರದಲ್ಲೇ ಮರಿಯ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಹನಿ ತಡೆಯಬಲ್ಲದು. ಹದ್ದು, ಮುಂಗುಸಿಗಳಿಂದ ಕಾಯಲು ತಾಯಿ, ರೋಗದಿಂದ ಕಾಯಲು ಲಸಿಕೆ: ಎರಡೂ ಬೇಕು.

ನಿಮ್ಮ ಊರಿನಲ್ಲಿ ಕೋಳಿ ಕಾವಿಗೆ ಕೂತಿದ್ದರೆ, 21 ದಿನವೂ ಅದನ್ನು ದೂರದಿಂದ ಗಮನಿಸಿ, ದಿನಾಂಕ ಹಾಕಿ ಟಿಪ್ಪಣಿ ಬರೆಯಿರಿ. ಕೂರಿಸಿದ ಅಜ್ಜಿಯನ್ನು, ಅವರು ಹಾಗೇಕೆ ಮಾಡಿದರೆಂದು ಕೇಳಿ ಅದನ್ನೂ ಬರೆದಿಡಿ. ಶಾಸನಗಳಲ್ಲಿ ಸಿಗದ ಚರಿತ್ರೆಯ ಒಂದು ಪುಟ ಆಗ ನಿಮ್ಮ ಕೈಯಲ್ಲಿರುತ್ತದೆ.