ದುಂಬಿಯೂ ಹೊಲದ ಅಂಚೂ: ಇಂಗ್ಲೆಂಡಿನ ಕೃಷಿ ಚರಿತ್ರೆಯ ಒಂದು ಪ್ರಸಂಗ

ಕೃಷಿಯ ಚರಿತ್ರೆಯನ್ನು ಬರೆದವರು ಕಂದಾಯ, ಗೇಣಿ, ನೇಗಿಲು, ನೀರಾವರಿಗಳಿಗೆ ಕೊಟ್ಟ ಗಮನವನ್ನು ಪರಾಗಸ್ಪರ್ಶ ಮಾಡುವ ಕೀಟಗಳಿಗೆ ಕೊಟ್ಟಿಲ್ಲ. ಸಾಕಿದ ಜೇನುಹುಳುವಿಗಾದರೂ ಗ್ರಂಥಗಳಲ್ಲಿ ಅಷ್ಟಿಷ್ಟು ಸ್ಥಾನವುಂಟು; ಕಾಡುದುಂಬಿಗಳಿಗೆ ಅದೂ ಇಲ್ಲ. ಆದರೆ ಇಂಗ್ಲೆಂಡಿನಲ್ಲಿ ದುಂಬಿಯ ಒಂದು ಜಾತಿ ಅಳಿದ ಬಗೆಯನ್ನೂ ಅದನ್ನು ಮರಳಿ ನೆಲೆಗೊಳಿಸಲು ನಡೆದ ಪ್ರಯತ್ನವನ್ನೂ ಪರಿಶೀಲಿಸಿದಲ್ಲಿ, ಬೇಸಾಯ ಕ್ರಮದ ಬದಲಾವಣೆಯ ಪರಿಣಾಮ ಎಷ್ಟು ದೂರ ಹಬ್ಬುವುದೆಂಬುದು ವಿದಿತವಾಗುತ್ತದೆ.

ಕೆಂಪು ಕ್ಲೋವರ್ ಯೂರೋಪಿನ ಬೇಸಾಯದಲ್ಲಿ ಬಹುಕಾಲ ಪ್ರಮುಖವಾಗಿದ್ದ ಸಸ್ಯ. ಅದು ದನಗಳಿಗೆ ಮೇವು. ದ್ವಿದಳ ಜಾತಿಯದಾದುದರಿಂದ ನೆಲಕ್ಕೆ ಸಾರಜನಕವನ್ನೂ ಒದಗಿಸುವುದು. ಅದರ ಹೂವಿನ ನಳಿಕೆ ನೀಳವಾದುದರಿಂದ ಜೇನುಹುಳುವಿನ ನಾಲಗೆಗೆ ಮಕರಂದ ಸುಲಭವಾಗಿ ಎಟುಕದು. ನೀಳ ನಾಲಗೆಯ ದುಂಬಿಗಳೇ ಅಲ್ಲಿ ಮುಖ್ಯ ಸಾಧಕಗಳು. ಚಾರ್ಲ್ಸ್ ಡಾರ್ವಿನ್ನನು ಈ ಸಸ್ಯದ 100 ಹೂಗುಚ್ಛಗಳಲ್ಲಿ 2,700 ಬೀಜಗಳನ್ನು ಕಂಡನು. ಕೀಟಗಳು ಮುಟ್ಟದಂತೆ ಮರೆಮಾಡಿದ ಅಷ್ಟೇ ಗುಚ್ಛಗಳಲ್ಲಿ ಒಂದು ಬೀಜವೂ ಕಟ್ಟಲಿಲ್ಲ. ನ್ಯೂಜಿಲೆಂಡಿನಲ್ಲಿ ನೆಲಸಿದ ಇಂಗ್ಲಿಷ್ ರೈತರು ಇದನ್ನು ಅನುಭವದಿಂದ ಅರಿತರು. ಅವರ ಹೊಲಗಳಲ್ಲಿ ಕ್ಲೋವರ್ ಹುಲುಸಾಗಿ ಬೆಳೆದರೂ ಬೀಜ ಅತ್ಯಲ್ಪವಾಗಿದ್ದಿತು. ಆದುದರಿಂದ 1885ರಲ್ಲಿ ಇಂಗ್ಲೆಂಡಿನಿಂದ ರಾಣಿ ದುಂಬಿಗಳನ್ನು ಹಡಗಿನಲ್ಲಿ ತರಿಸಿ ಕ್ಯಾಂಟರ್ಬರಿ ಪ್ರಾಂತದಲ್ಲಿ ಬಿಟ್ಟರು. ಕಾಲಕ್ರಮದಲ್ಲಿ ನಾಲ್ಕು ಜಾತಿಗಳು ಆ ದೇಶದಲ್ಲಿ ಬೇರೂರಿದವು.

ಹೀಗೆ ದುಂಬಿಯನ್ನು ಹೊರನಾಡಿಗೆ ಕಳುಹಿಸಿದ ದೇಶದಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಆಹಾರ ಕ್ಷೀಣಿಸಿತು. ಕಾರ್ಖಾನೆಯ ಸಾರಜನಕ ಗೊಬ್ಬರ ಅಗ್ಗವಾದ ಮೇಲೆ ಕ್ಲೋವರಿನ ಅಗತ್ಯ ಕುಗ್ಗಿತು. ಒಣಹುಲ್ಲಿಗೆ ಬದಲಾಗಿ ರಸಮೇವಿನ ಪದ್ಧತಿ ಬಂದು, ಹುಲ್ಲನ್ನು ಹೂಬಿಡುವ ಮೊದಲೇ ಕೊಯ್ಯತೊಡಗಿದರು. 1930ರ ದಶಕದಿಂದ 1980ರ ದಶಕದವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೂವುಳ್ಳ ಹುಲ್ಲುಗಾವಲುಗಳ ಶೇಕಡಾ 97ರಷ್ಟು ಭಾಗ ಇಲ್ಲವಾಯಿತೆಂದು ಅಂದಾಜು ಮಾಡಲಾಗಿದೆ. ದುಂಬಿಗಳ ಗೂಡು ಒಂದು ವರ್ಷದ ಸಂಸಾರ. ಚಳಿಗಾಲವನ್ನು ದಾಟುವುದು ಹೊಸ ರಾಣಿಗಳು ಮಾತ್ರ. ಗೂಡು ಬೆಳೆಯುವ ತಿಂಗಳುಗಳಲ್ಲಿ ಹೂ ತಪ್ಪಿದರೆ ಮುಂದಿನ ವರ್ಷಕ್ಕೆ ರಾಣಿಗಳೇ ಇರಲಾರವು. ಬಾಂಬಸ್ ಸಬ್‌ಟೆರೇನಿಯಸ್ ಎಂಬ ಮೋಟುಗೂದಲಿನ ದುಂಬಿ ಕೆಂಟ್ ಪ್ರಾಂತದ ಡಂಜನೆಸ್‌ನಲ್ಲಿ 1988ರಲ್ಲಿ ಕಡೆಯ ಬಾರಿ ಕಾಣಿಸಿತು. 2000ದಲ್ಲಿ ಅದು ಬ್ರಿಟನ್ನಿನಲ್ಲಿ ಅಳಿದುಹೋಯಿತೆಂದು ಘೋಷಿಸಲಾಯಿತು.

2009ರಲ್ಲಿ ಅದನ್ನು ಮರಳಿ ತರುವ ಯೋಜನೆ ಆರಂಭವಾಯಿತು. ನ್ಯೂಜಿಲೆಂಡಿನ ಸಂತತಿ ಕೆಲವೇ ರಾಣಿಗಳಿಂದ ಬೆಳೆದದ್ದಾಗಿ ಅದರ ಆನುವಂಶಿಕ ವೈವಿಧ್ಯ ಬಹಳ ಕುಗ್ಗಿತ್ತು. ಆದುದರಿಂದ ಸಂಶೋಧಕರು ಸ್ವೀಡನ್ನಿನತ್ತ ತಿರುಗಿ, ಅಲ್ಲಿಯ ರಾಣಿಗಳನ್ನು 2012ರಿಂದ ಡಂಜನೆಸ್‌ನಲ್ಲಿ ಬಿಡತೊಡಗಿದರು. ಇದಕ್ಕೆ ಮೊದಲೇ ಸುತ್ತಲಿನ ರೈತರು ಹೊಲದ ಅಂಚುಗಳಲ್ಲಿ ಕ್ಲೋವರ್ ಮೊದಲಾದ ಹೂಸಸ್ಯಗಳನ್ನು ಬೆಳೆಸಿದ್ದರು. ತಂದ ಜಾತಿ ಸ್ಥಿರವಾಗಿ ನೆಲೆಯೂರಲಿಲ್ಲ. ಆದರೆ ಅದಕ್ಕಾಗಿ ಬೆಳೆಸಿದ ಹೂಗಳಿಗೆ, ಆ ಸೀಮೆಯಿಂದ ಮರೆಯಾಗಿದ್ದ ಇತರ ವಿರಳ ದುಂಬಿಗಳು ತಾವಾಗಿಯೇ ಹಿಂದಿರುಗಿದವು.

ಈ ಫಲಿತಾಂಶವನ್ನು ಕೇವಲ ಸೋಲೆಂದು ಎಣಿಸುವುದು ಸರಿಯಲ್ಲ. ದುಂಬಿಯನ್ನು ಹಿಂದೆ ಕಾಪಾಡಿದ್ದು ಯಾರೊಬ್ಬರ ದಯೆಯಲ್ಲ, ಬೇಸಾಯದ ಅವಶ್ಯಕತೆ. ಆ ಅವಶ್ಯಕತೆ ಗೊಬ್ಬರದ ಚೀಲಕ್ಕೆ ವರ್ಗವಾದೊಡನೆ ದುಂಬಿ ಅನಾಥವಾಯಿತು. ಕೀಟವನ್ನು ತಂದು ಬಿಡುವುದಕ್ಕಿಂತ ಹೊಲದಲ್ಲಿ ಅದಕ್ಕೆ ಎಡೆಮಾಡಿಕೊಡುವುದೇ ಮೂಲ ಕಾರ್ಯವೆಂಬುದು ಡಂಜನೆಸ್‌ನ ಪಾಠ. ಹೊಲದ ಅಂಚಿನಲ್ಲಿ ಏನು ಬೆಳೆಯುತ್ತಿತ್ತೆಂಬುದನ್ನೂ ದಾಖಲಿಸುವುದು ಇನ್ನು ಮುಂದೆ ಕೃಷಿ ಚರಿತ್ರಕಾರನ ಕರ್ತವ್ಯವಾಗಬೇಕು.